ಸಂಸಾರಕ್ಕೊಂದು ಕೀಬೋರ್ಡ್

ಹೆಂಡತಿಯ ಜೊತೆ ಜಗಳವಾಡಲಿಕ್ಕೆಂದೇ ಅಂಗಡಿಯಿಂದ ಅಂಗಡಿಗೆ ಅಲೆದು, ಮುಟ್ಟಿ, ಕುಟ್ಟಿ, ತೂಗಿ ನೋಡಿ ಕಂಪ್ಯೂಟರ್ ಕೀಬೋರ್ಡ್ ಕೊಂಡ ಮನುಷ್ಯ ಈ ಭೂಮಂಡಲದಲ್ಲಿ ನಮ್ಮ ಭಾವ ಒಬ್ಬರೇ ಇರಬೇಕು. ಶಿವಮೊಗ್ಗದಲ್ಲಿ ನಾನು ಈ ಮಾತು ಹೇಳಿದರೆ ಕೇಳಿದವರು ನಕ್ಕು, ಸುಳ್ಳು ಬಿಡಿ ಎನ್ನುತ್ತಾರೆ. ಭದ್ರಾವತಿಯಲ್ಲಿ ಹೇಳಿದರೆ ಯಾರೂ ನಗುವುದಿಲ್ಲ. ಯಾವ ಕಂಪನಿಯದು ಎಂದಷ್ಟೇ ಕೇಳುತ್ತಾರೆ. ಅಲ್ಲಿಯವರಿಗೆ ಭಾವನ ಪರಿಚಯವಿದೆ.

ನಿಮಗೂ ಮಾಡಿಕೊಡುತ್ತೇನೆ. ಭಾವ ಎಂದರೆ ನನ್ನ ಅಕ್ಕನ ಯಜಮಾನರು. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಹಾಜರಿ ನೋಡುವ ಟೈಮ್ ಆಫೀಸಿನಲ್ಲಿ ಕೂತು ಕೂತು ನಿವೃತ್ತರಾದವರು. ಅದು ಹೊಟ್ಟೆಪಾಡಿನ ಮಾತಾಯಿತು. ಅವರ ನಿಜವಾದ ಕಸುಬು ಕಾಮೆಂಟರಿ. ಊರಿನಲ್ಲಿ ಎಲ್ಲೇ ಕಬಡ್ಡಿ ನಡೆಯಲಿ, ವಾಲಿಬಾಲ್ ನಡೆಯಲಿ, ಮೈಕು ಭಾವನ ಕೈಯಲ್ಲಿ. ಅವರು ಒಮ್ಮೆ ಶುರು ಮಾಡಿದರೆಂದರೆ ‘ಕಬಡ್ಡಿ ಕಬಡ್ಡಿ’ ಎನ್ನುತ್ತ ನುಗ್ಗಿದವನಿಗೆ ಉಸಿರು ಕಟ್ಟಬೇಕೇ ಹೊರತು ಭಾವನಿಗಲ್ಲ. ಆಟ ಮುಗಿದು ಎರಡೂ ತಂಡದವರು ಚಿತ್ರಾನ್ನ ತಿಂದು ಮನೆಗೆ ಹೋದ ಮೇಲೂ ಭಾವ ಶಾಮಿಯಾನ ಬಿಚ್ಚುವವರ ಕಾಮೆಂಟರಿ ಹೇಳುತ್ತಿದ್ದರಂತೆ.

ಇದು ಮೈದಾನದಲ್ಲಿ ಮುಗಿಯುವ ಕಾಯಿಲೆಯಾಗಿದ್ದರೆ ತೊಂದರೆ ಇರಲಿಲ್ಲ. ಮನೆಯಲ್ಲೂ ಅದೇ! ಅಕ್ಕ ದೋಸೆ ಹೊಯ್ಯಲು ನಿಂತರೆ ಭಾವ ಅಡುಗೆಮನೆಯ ಬಾಗಿಲಲ್ಲಿ ಹಾಜರು. ಸೌಟು ನಡುವಿನಿಂದ ಹೊರಟಿದೆ, ಹಿಟ್ಟು ಅಂಚಿನತ್ತ ಧಾವಿಸುತ್ತಿದೆ, ತೂತು ಬೀಳುವುದೋ ಬೀಳದೋ, ಇಡೀ ಭದ್ರಾವತಿ ಉಸಿರು ಬಿಗಿಹಿಡಿದು ನೋಡುತ್ತಿದೆ! ನನ್ನ ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ವಾಲಗದವರು ಗಟ್ಟಿಮೇಳ ಊದುತ್ತಿದ್ದರೂ ಅದನ್ನು ಮೀರಿ ಭಾವನ ದನಿ ಕೇಳಿಸಿತ್ತು: ಮೊದಲನೇ ಗಂಟು ಯಶಸ್ವಿ. ಪುರೋಹಿತರು ಮಂತ್ರ ಮರೆತು ನಕ್ಕರು. ಎರಡನೇ ಗಂಟು ನಾನು ಸರಿಯಾಗಿ ಹಾಕಿದೆನೋ ಇಲ್ಲವೋ ಎಂದು ನನ್ನ ಹೆಂಡತಿಗೆ ಇವತ್ತಿಗೂ ಅನುಮಾನ.

ಅಕ್ಕ ಇದಕ್ಕೆ ತದ್ವಿರುದ್ಧ. ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದವಳು. ಇಡೀ ದಿನ ಮಕ್ಕಳ ಗದ್ದಲ ಕೇಳಿ ಬಂದು ಮನೆಯಲ್ಲಿ ಗಂಡನ ಗದ್ದಲ ಕೇಳುತ್ತಿದ್ದಳು. ಭಾವ ಅರ್ಧ ಗಂಟೆ ವಾದಿಸಿ ಬೆವರು ಒರೆಸಿಕೊಳ್ಳುವಾಗ ಅಕ್ಕ ಒಂದು ವಾಕ್ಯ ಹೇಳಿ ಗೆದ್ದುಬಿಡುತ್ತಿದ್ದಳು. ಮಾತು ಅವರದು, ಪಾಯಿಂಟು ಇವಳದು. ಸಂಸಾರ ಹೀಗೆ ಸೊಗಸಾಗಿ ನಡೆದಿತ್ತು.

ಅಂಥ ಮನೆಯಲ್ಲಿ ಅಕ್ಕನ ಕಿವಿ ಕೈಕೊಡುತ್ತ ಬಂತು. ಮೊದಮೊದಲು ನಮಗೆ ಗೊತ್ತೇ ಆಗಲಿಲ್ಲ. ಭಾವ ಹೇಳಿದ್ದಕ್ಕೆ ಅವಳು ಉತ್ತರ ಕೊಡದಿದ್ದರೆ ಕೇಳಿಸಲಿಲ್ಲ ಎಂದು ಯಾರು ಅಂದುಕೊಳ್ಳುತ್ತಾರೆ? ಬುದ್ಧಿವಂತೆ, ಸುಮ್ಮನಿದ್ದಾಳೆ ಎಂದುಕೊಂಡೆವು. ಕೊನೆಗೆ ಕುಕ್ಕರಿನ ಕೂಗು ಕೇಳದೆ ಬೇಳೆ ಸೀದು ಮನೆಯೆಲ್ಲ ಹೊಗೆಯಾದ ದಿನ ಭಾವ ಹೆದರಿ ನನಗೆ ಫೋನ್ ಮಾಡಿದರು. ಶಿವಮೊಗ್ಗದ ಡಾಕ್ಟರು ನರದ ದೌರ್ಬಲ್ಯ ಎಂದರು. ಕಿವಿಗೆ ಹಾಕುವ ಯಂತ್ರ ಕೊಟ್ಟರು. ಯಂತ್ರ ಹಾಕಿದರೆ ಫ್ಯಾನಿನ ಸದ್ದು, ಲಾರಿಯ ಸದ್ದು, ಬಕೆಟಿನ ಸದ್ದು ಎಲ್ಲವೂ ಒಟ್ಟಿಗೆ ನುಗ್ಗುತ್ತಿದ್ದವು. ಮಾತು ಮಾತ್ರ ಮಾತಾಗಿ ಬರುತ್ತಿರಲಿಲ್ಲ. ಇನ್ನೊಂದು ವರ್ಷ ಕಳೆಯುವಷ್ಟರಲ್ಲಿ ಆ ಸದ್ದುಗಳೂ ಹೋದವು.

ಆ ದಿನಗಳಲ್ಲಿ ನಾನು ಭದ್ರಾವತಿಗೆ ಹೋದರೆ ಮನೆಯೊಳಕ್ಕೆ ಕಾಲಿಡಲು ಒಂಥರಾ ಆಗುತ್ತಿತ್ತು. ಭಾವ ಪೇಪರ್ ಹಿಡಿದು ಕೂತಿರುತ್ತಿದ್ದರು. ಅಕ್ಕ ಕಿಟಕಿಯ ಕಡೆ ಮುಖ ಮಾಡಿರುತ್ತಿದ್ದಳು. ಮದುವೆ ಮುಂಜಿಗೆ ಕರೆದರೆ, ಅಲ್ಲಿ ಎಲ್ಲರೂ ನಗುವಾಗ ನಾನು ಯಾಕೆ ನಗಬೇಕು ಅಂತ ಗೊತ್ತಾಗಲ್ಲ ಕಣೋ, ಎಂದು ತಪ್ಪಿಸಿಕೊಳ್ಳುತ್ತಿದ್ದಳು. ಭಾವ ಟೂರ್ನಮೆಂಟಿಗೆ ಹೋಗುವುದನ್ನೂ ಬಿಟ್ಟರು. ಗಂಟಲು ಸರಿ ಇಲ್ಲ ಎಂದು ನೆಪ ಹೇಳಿದರು. ಅವರ ಗಂಟಲಿಗೆ ಏನೂ ಆಗಿರಲಿಲ್ಲ. ಆ ಗಂಟಲನ್ನು ದಿನವೂ ಸಹಿಸಿಕೊಳ್ಳುತ್ತಿದ್ದ ಒಂದು ಜೊತೆ ಕಿವಿ ಇಲ್ಲದಂತಾಗಿತ್ತು, ಅಷ್ಟೇ.

ಆದರೆ ಭಾವ ಸುಮ್ಮನಿದ್ದು ಸಾಯುವ ಜಾತಿಯವರಲ್ಲ. ಮೊದಲು ಸ್ಲೇಟು ತಂದರು. ಬರೆದು ತೋರಿಸುವುದು, ಒರೆಸುವುದು, ಮತ್ತೆ ಬರೆಯುವುದು. ಅವರ ಮಾತಿನ ವೇಗಕ್ಕೆ ಬಳಪ ಪುಡಿಪುಡಿಯಾಯಿತು. ಅಕ್ಕನೋ ಹುಟ್ಟು ಮೇಷ್ಟ್ರು. ಗಂಡ ಏನು ಹೇಳುತ್ತಿದ್ದಾನೆ ಎಂಬುದಕ್ಕಿಂತ ಅಕ್ಷರ ಗುಂಡಗಿಲ್ಲ ಎಂಬುದೇ ಅವಳಿಗೆ ದೊಡ್ಡದಾಗಿ ಕಾಣುತ್ತಿತ್ತು. ಒಂದು ದಿನ ಬಳಪ ಕಸಿದುಕೊಂಡು ಪಕ್ಕದಲ್ಲಿ ತಿದ್ದಿ ಬರೆದು, ಇದರ ಮೇಲೆ ತಿದ್ದಿ ಎಂದಳಂತೆ. ಸ್ಲೇಟು ಅಟ್ಟಕ್ಕೆ ಹೋಯಿತು.

ಆಮೇಲೆ ಮೊಬೈಲು. ಭಾವನ ಬೆರಳು ಮೊಬೈಲಿನ ಮೇಲೆ ಇಳಿಯುವುದನ್ನು ನೀವು ನೋಡಬೇಕಿತ್ತು. ಸಕ್ರೆಬೈಲಿನ ಆನೆಗೆ ಎಳ್ಳು ಹೆಕ್ಕಲು ಹೇಳಿದಂತೆ! ಒಂದು ಅಕ್ಷರ ಒತ್ತಿದರೆ ಮೂರು ಅಕ್ಷರ ಎದ್ದು ಬರುತ್ತಿದ್ದವು. ಹಾಗಾದರೆ ಬಾಯಲ್ಲೇ ಹೇಳಿ, ಮೊಬೈಲೇ ಬರೆದುಕೊಳ್ಳುತ್ತದೆ ಎಂದು ನಾನು ತೋರಿಸಿಕೊಟ್ಟೆ. ಭಾವನಿಗೆ ಆನಂದವೋ ಆನಂದ. ಮೊಬೈಲನ್ನು ಮೈಕಿನಂತೆ ಹಿಡಿದು ಊಟದ ಕಾಮೆಂಟರಿ ಶುರು ಮಾಡಿದರು. ಆ ಬಡಪಾಯಿ ಯಂತ್ರ ಎಲ್ಲಿ ಪೂರ್ಣವಿರಾಮ ಹಾಕಬೇಕೆಂದು ಕಾದು ಕಾದು ಸೋತು ಬರೆದದ್ದು ಒಂದೇ ಸಾಲು: ಹುಲಿಗೆ ಉಪ್ಪು ಕಡಿಮೆ.

ಅಕ್ಕ ಕನ್ನಡಕ ಸರಿಮಾಡಿಕೊಂಡು ಓದಿದಳು. “ಹುಲಿಗೆ ಉಪ್ಪು ಯಾರ್ರೀ ಹಾಕ್ತಾರೆ?” ಎಂದಳು. ಹುಳಿ, ಹುಳಿ ಎಂದು ಭಾವ ಎಷ್ಟು ಕಿರುಚಿದರೂ ಅದು ಹುಲಿಯನ್ನೇ ಬಿಡುತ್ತಿತ್ತು.

ಕೊನೆಗೆ ನನ್ನ ಮನೆಯ ಹಳೆಯ ಕಂಪ್ಯೂಟರನ್ನು ಒಯ್ದು ಅವರ ಟಿವಿಗೆ ಜೋಡಿಸಿಕೊಟ್ಟೆ. ಊಟದ ಮೇಜಿನ ಮೇಲೆ ಕೀಬೋರ್ಡು, ಎದುರು ಗೋಡೆಯ ಟಿವಿಯಲ್ಲಿ ಅಂಗೈಯಗಲದ ಕನ್ನಡ ಅಕ್ಷರ. ಭಾವ ಕುಟ್ಟಬೇಕು, ಅಕ್ಕ ಓದಬೇಕು, ಬಾಯಲ್ಲಿ ಉತ್ತರ ಕೊಡಬೇಕು. ಭಾವ ಹದಿನೈದಿಪ್ಪತ್ತು ದಿನ ಹಗಲೆಲ್ಲ ಕೂತು, ಎರಡೂ ತೋರುಬೆರಳಲ್ಲಿ ಕನ್ನಡ ಟೈಪಿಂಗ್ ಕಲಿತರು. ಯಾವ ವೇಗ ಅಂತೀರಿ! ಬಲಗೈ ಬೆರಳು ರೈಡಿಗೆ ಹೋದರೆ ಎಡಗೈ ಬೆರಳು ಕ್ಯಾಚಿಗೆ ಕಾದಿರುತ್ತಿತ್ತು.

ತೊಡಕು ಇದ್ದದ್ದು ಒತ್ತಕ್ಷರದಲ್ಲಿ. ಕಂಪ್ಯೂಟರಿನಲ್ಲಿ ಕನ್ನಡದ ಒತ್ತು ಬರಬೇಕಾದರೆ ಎರಡು ಅಕ್ಷರಗಳ ನಡುವೆ ಇನ್ನೊಂದು ಕೀ ಒತ್ತಬೇಕು. ಸಮಾಧಾನದಲ್ಲಿರುವವರಿಗೆ ಅದು ನೆನಪಿರುತ್ತದೆ. ಸಿಟ್ಟು ಬಂದವರಿಗೆ? ಮೊದಲನೇ ದೊಡ್ಡ ಜಗಳ ನಡೆದಾಗ ನಾನೂ ಅಲ್ಲಿದ್ದೆ. ಯಾವುದೋ ಹಳೆಯ ವಿಷಯಕ್ಕೆ ಮಾತು ಬೆಳೆದು ಭಾವ ಕೆಂಪಗಾಗಿ ಕುಟ್ಟಿದರು. ಟಿವಿಯ ಮೇಲೆ ದಪ್ಪದಪ್ಪ ಅಕ್ಷರಗಳಲ್ಲಿ ಮೂಡಿತು: ನಿನನ ಅಪಪನ ಮನೆಯವರೆಲಲ ಹೀಗೇ.

ಅಕ್ಕ ಅದನ್ನು ತರಗತಿಯಲ್ಲಿ ಓದುವಂತೆ ಒಂದೊಂದೇ ಅಕ್ಷರ ಬಿಡಿಸಿ ಗಟ್ಟಿಯಾಗಿ ಓದಿದಳು. ನಿ-ನ-ನ. ಅ-ಪ-ಪ-ನ. ಬೈಸಿಕೊಂಡ ಅಪ್ಪನ ಮನೆಯವನಾದ ನಾನೇ ಮೊದಲು ನಕ್ಕೆ. ಅಕ್ಕ ನಗುವುದನ್ನು ತಡೆದುಕೊಂಡು, “ಮೊದ್ಲು ಒತ್ತು ಸರಿಯಾಗಿ ಹಾಕಿ. ಆಮೇಲೆ ಬೈಯ್ಯೋರಂತೆ” ಎಂದಳು. ಭಾವ ಒತ್ತು ಹಾಕಿ ಮುಗಿಸುವಷ್ಟರಲ್ಲಿ ಸಿಟ್ಟು ಇಳಿದುಹೋಗಿತ್ತು. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ಮೂರು ಜನ ಕೂಡಿ ನಕ್ಕಿದ್ದೆವು.

ಇಷ್ಟಕ್ಕೇ ನಿಂತಿದ್ದರೆ ಈ ಕಥೆ ಹೇಳುವ ಅಗತ್ಯವಿರಲಿಲ್ಲ. ನನ್ನ ಹಳೆಯ ಕೀಬೋರ್ಡು ಭಾವನ ಕಾಮೆಂಟರಿಯನ್ನು ಮಳೆಗಾಲದವರೆಗೆ ತಡೆದುಕೊಂಡಿತು. ಒಂದು ದಿನ ರೇಡಿಯೋದಲ್ಲಿ ಬರುತ್ತಿದ್ದ ಕ್ರಿಕೆಟ್ ಪಂದ್ಯದ ಕೊನೆಯ ಓವರನ್ನು ಅಕ್ಕನಿಗೆ ವಿವರಿಸುವ ಭರದಲ್ಲಿ ಭಾವನ ಹೆಬ್ಬೆರಳು ಬಿದ್ದು ಸ್ಪೇಸ್ ಬಾರ್ ಸೊಂಟ ಮುರಿದುಕೊಂಡಿತು. ಅಕ್ಕನಿಗೆ ಕ್ರಿಕೆಟ್ ಎಂದರೆ ಆಗದು ಎಂಬುದು ಬೇರೆ ಮಾತು.

ಹೊಸ ಕೀಬೋರ್ಡಿಗೆಂದು ಭಾವ ಶಿವಮೊಗ್ಗಕ್ಕೆ ಬಂದರು. ದುರ್ಗಿಗುಡಿಯ ಒಂದು ಅಂಗಡಿಗೆ ಕರೆದುಕೊಂಡು ಹೋದೆ. ಮಾಲೀಕರು ಮರ್ಯಾದಸ್ಥರು. ನಿಮ್ಮ ಅಗತ್ಯ ಏನು ಅಂತ ಹೇಳಿದರೆ ಅದಕ್ಕೆ ತಕ್ಕದ್ದು ಕೊಡುತ್ತೇನೆ, ಆಫೀಸ್ ಕೆಲಸಕ್ಕೋ, ಗೇಮಿಗೋ, ಡಿಸೈನಿಗೋ ಎಂದು ಕೇಳಿದರು.

“ಸಂಸಾರಕ್ಕೆ,” ಎಂದರು ಭಾವ.

ಮಾಲೀಕರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಅವರು ಏನೂ ತೋಚದೆ ಕೆಂಪು, ಹಸಿರು, ನೀಲಿ ದೀಪ ಹೊತ್ತಿಕೊಳ್ಳುವ ಒಂದು ಕೀಬೋರ್ಡ್ ತೆಗೆದಿಟ್ಟರು. ಇದೇನು ಕೋಟೆಯ ದೇವಸ್ಥಾನಕ್ಕೆ ದಸರಾ ಅಲಂಕಾರ ಮಾಡಿದ ಹಾಗಿದೆ ಎಂದು ಭಾವ ಅದನ್ನು ಬದಿಗಿಟ್ಟರು. ಆಮೇಲೆ ಒಂದೊಂದನ್ನೇ ಅಂಗಡಿಯ ಕಂಪ್ಯೂಟರಿಗೆ ಹಾಕಿಸಿಕೊಂಡು ಪರೀಕ್ಷೆ ಶುರು. ಬರೆಯಲು ವಿಷಯ ಬೇಕಲ್ಲ? ಅಂಗಡಿಯದೇ ಕಾಮೆಂಟರಿ! ಮಾಲೀಕರು ಎಡಗಡೆಯಿಂದ ಏಣಿ ಹತ್ತುತ್ತಿದ್ದಾರೆ, ಧೂಳು ಕೊಡವುತ್ತಿದ್ದಾರೆ, ಬಾಗಿಲಲ್ಲಿ ಗಿರಾಕಿಯೊಬ್ಬರು ಬೆಲೆ ಕೇಳಿ ಹಿಂದಕ್ಕೆ ಸರಿಯುತ್ತಿದ್ದಾರೆ ಎಂದೆಲ್ಲ ಪರದೆಯ ಮೇಲೆ ಹರಿಯತೊಡಗಿತು. ಆ ಗಿರಾಕಿ ಅದನ್ನು ಓದಿ, ನಾಚಿ, ಒಳಗೆ ಬಂದು ಒಂದು ಮೌಸ್ ಕೊಂಡು ಹೋದರು. ಮಾಲೀಕರಿಗೆ ಭಾವನ ಮೇಲೆ ಗೌರವ ಹುಟ್ಟಿದ್ದು ಆಗ.

ಆ ಸಲ ಕೊಂಡದ್ದು ತೆಳ್ಳನೆಯ ಕೀಬೋರ್ಡು. ಹಪ್ಪಳದಂತಿತ್ತು. ಅದರ ಮೇಲೆ ಕನ್ನಡ ಅಕ್ಷರ ಇರಲಿಲ್ಲವೆಂದು ಅಂಟಿಸುವ ಚೀಟಿಗಳನ್ನೂ ತಂದೆವು. ಭಾವ ತಿಂಡಿ ತಿನ್ನುತ್ತಲೇ ಮಾತಾಡುವವರು. ಅಂದರೆ ತಿನ್ನುತ್ತಲೇ ಕುಟ್ಟುವವರು. ಒಗ್ಗರಣೆಯ ಎಣ್ಣೆ ತಾಗಿ ಅಕ್ಷರಗಳು ಒಂದೊಂದಾಗಿ ಎದ್ದವು. ‘ದ’ ಉಪ್ಪಿಟ್ಟಿನಲ್ಲಿ ಸಿಕ್ಕಿತು. ‘ಮ’ ಏನಾಯಿತೆಂದು ಇವತ್ತಿಗೂ ಗೊತ್ತಿಲ್ಲ. ಯಾರ ಹೊಟ್ಟೆಯಲ್ಲಿದೆ ಎಂಬ ಬಗ್ಗೆ ಗಂಡಹೆಂಡಿರಲ್ಲಿ ಭಿನ್ನಾಭಿಪ್ರಾಯವಿದೆ.

ಎರಡನೆಯದು ವೈರ್ ಇಲ್ಲದ್ದು. ಅದನ್ನು ತಂದ ವಾರ ಭಾವ ಹಕ್ಕಿಯಾಗಿಬಿಟ್ಟರು. ಜಗಲಿಯಲ್ಲಿ ಕೂತು ಕುಟ್ಟಿದರೂ ಒಳಗಿನ ಟಿವಿಯಲ್ಲಿ ಬರುತ್ತದೆ! ಹಾಲಿನವನು ಬಂದ, ನಾಯಿ ಬಂತು, ಪಕ್ಕದ ಮನೆಯಾಕೆ ಬಟ್ಟೆ ಒಣಹಾಕಿದರು ಎಂದು ಹೊರಗಿನ ಸಮಾಚಾರವೆಲ್ಲ ಒಳಗೆ ಬೀಳುತ್ತಿತ್ತು. ಆದರೆ ಅಕ್ಕ ಅಡುಗೆಮನೆಯಲ್ಲಿದ್ದರೆ ಟಿವಿ ನೋಡುವವರು ಯಾರು? ಭಾವ ಕುಟ್ಟಿದ್ದು ಯಾರೂ ಓದದೆ ಹಾಗೇ ಉಳಿಯುತ್ತಿತ್ತು. ಅದೂ ಹೋಗಲಿ, ಒಂದು ಭಾರೀ ವಾದದಲ್ಲಿ ಭಾವ ಗೆಲ್ಲುವ ಹಂತಕ್ಕೆ ಬಂದಾಗ ಅದರ ಬ್ಯಾಟರಿ ಮುಗಿಯಿತು. ಟಿವಿಯ ಮೇಲೆ ‘ಆದ್ದರಿಂದ’ ಎಂಬಲ್ಲಿಗೆ ಮಾತು ನಿಂತಿತು. ಅಕ್ಕ ಸ್ವಲ್ಪ ಹೊತ್ತು ಕಾದು, ಆಯ್ತಲ್ಲ ಎಂದು ಎದ್ದುಹೋದಳು. ಬ್ಯಾಟರಿ ನಂಬಿದವನ ಬಾಯಿಗೆ ಮಣ್ಣು ಎಂದು ಭಾವ ಹೊಸ ಗಾದೆ ಕಟ್ಟಿದರು.

ಮೂರನೆಯದು ಸದ್ದಿಲ್ಲದ ಕೀಬೋರ್ಡು. ಇದನ್ನು ಆರಿಸಿದ್ದು ನಾನು. ಪಕ್ಕದ ಮನೆಯಾಕೆ ತಮಿಳು ಸೀಮೆಯಿಂದ ಬಂದು ಕಾರ್ಖಾನೆಯ ಊರಿನಲ್ಲೇ ಹಳಬರಾದವರು. ನಿಮ್ಮ ಮನೆಯಲ್ಲಿ ದಿನಾ ಯಾರು ಚಕ್ಕುಲಿ ಮುರಿಯೋದು ಅಣ್ಣಾ ಎಂದು ಒಮ್ಮೆ ಕೇಳಿದ್ದರಂತೆ. ಅಕ್ಕನಿಗಂತೂ ಕೇಳಿಸದು, ಬೇರೆಯವರಿಗೆ ಯಾಕೆ ತೊಂದರೆ ಎಂಬುದು ನನ್ನ ಲೆಕ್ಕ. ಮೆತ್ತನೆಯ ಕೀಗಳು, ಬೆಣ್ಣೆಯ ಮೇಲೆ ಬೆರಳಿಟ್ಟಂತೆ. ದಪ್ಪ ಕನ್ನಡ ಅಕ್ಷರಗಳೂ ಅಚ್ಚಾಗಿದ್ದವು. ಭಾವನಿಗೂ ಒಪ್ಪಿಗೆಯಾಯಿತು. ಅಂತೂ ಹುಡುಕಾಟ ಮುಗಿಯಿತೆಂದು ನಾನು ನಿಟ್ಟುಸಿರು ಬಿಟ್ಟೆ.

ಅಲ್ಲಿಂದ ಅಕ್ಕ ಮಂಕಾದಳು. ಟಿವಿಯ ಕಡೆ ನೋಡುವುದೇ ಕಡಿಮೆಯಾಯಿತು. ಮೇಜಿನ ಆಚೆ ಬದಿಯಲ್ಲಿ ಕೂತು ಹುರುಳಿಕಾಯಿ ಬಿಡಿಸುತ್ತಿದ್ದವಳಿಗೆ ಈಚೆ ಬದಿಯಲ್ಲಿ ಭಾವ ಒಂದು ಪುರಾಣವನ್ನೇ ಕುಟ್ಟಿ ಮುಗಿಸಿದರೂ ತಲೆ ಎತ್ತುತ್ತಿರಲಿಲ್ಲ. ಭಾವ ಕೈ ಬೀಸಬೇಕು, ಮೇಜು ತಟ್ಟಬೇಕು. ಅಷ್ಟರಲ್ಲಿ ಇವರಿಗೂ ಹೇಳುವ ಉತ್ಸಾಹ ಆರಿರುತ್ತಿತ್ತು. ನನ್ನ ಮಾತು ಅವಳಿಗೆ ಸಾಕಾಯ್ತೋ ಏನೋ ಎಂದು ಭಾವ ಒಂದು ದಿನ ಫೋನಿನಲ್ಲಿ ಹೇಳಿದರು. ಅವರ ದನಿಯಲ್ಲಿ ತಮಾಷೆ ಇರಲಿಲ್ಲ. ಮತ್ತೆ ಆ ಹಳೆಯ ದಿನಗಳು ಬಂದವೇನೋ ಎಂದು ನನಗೂ ಭಯವಾಯಿತು.

ಅಕ್ಕನೇ ಬಾಯಿಬಿಟ್ಟಳು. ನಾನೂ ಬರುತ್ತೇನೆ ಅಂಗಡಿಗೆ, ಈ ಸಲ ಆರಿಸುವುದು ನಾನು ಎಂದಳು. ಮೂವರೂ ಶಿವಮೊಗ್ಗಕ್ಕೆ ಬಂದು ಅದೇ ಅಂಗಡಿಗೆ ಹೋದೆವು. ಮಾಲೀಕರು ಭಾವನನ್ನು ಕಂಡು ಎದ್ದುನಿಂತು, ಸಂಸಾರ ಹೇಗಿದೆ ಸಾರ್ ಎಂದು ಕೇಳಿದರು. ಭಾವ ಪಕ್ಕಕ್ಕೆ ಕೈ ತೋರಿಸಿದರು.

ಅಕ್ಕ ಕೀಬೋರ್ಡುಗಳನ್ನು ಕಣ್ಣಲ್ಲಿ ನೋಡಲೇ ಇಲ್ಲ. ಎಲ್ಲವನ್ನೂ ಮರದ ಮೇಜಿನ ಮೇಲೆ ಸಾಲಾಗಿ ಇಡಿಸಿದಳು. ತಾನು ಮೇಜಿನ ಇನ್ನೊಂದು ತುದಿಗೆ ಹೋಗಿ ಅಂಗೈಯನ್ನು ಅಗಲವಾಗಿ ಊರಿ, ಒಂದೊಂದರ ಮೇಲೂ ಏನಾದರೂ ಹೊಡೆಯಿರಿ ಎಂದು ಭಾವನಿಗೆ ಹೇಳಿದಳು. ಭಾವ ಹೊಡೆದರು. ಅಕ್ಕ ತಲೆಯಾಡಿಸಿದಳು. ಮುಂದಿನದು. ಅದಕ್ಕೂ ತಲೆಯಾಡಿಸಿದಳು. ಕಡೆಗೆ ಮೂಲೆಯಲ್ಲಿದ್ದ ಒಂದು ಭಾರದ ಕೀಬೋರ್ಡು ಬಂತು. ಒಂದೊಂದು ಕೀ ಒತ್ತಿದರೂ ಅಡಿಕೆ ಕತ್ತರಿಯಲ್ಲಿ ಒಣ ಅಡಿಕೆ ತುಂಡರಿಸಿದಂಥ ಸದ್ದು. ಬೀದಿಯಲ್ಲಿ ಹೋಗುವವರು ತಿರುಗಿ ನೋಡಿದರು. ಅಕ್ಕನ ಮುಖ ಅರಳಿತು. ಇದೇ ಎಂದಳು.

ಮಾಲೀಕರಿಗೆ ಸಂಕಟ. ಅಮ್ಮನವರಿಗೆ ಕಿವಿ ಕೇಳಿಸದಿರುವುದರಿಂದ ಗೊತ್ತಾಗುತ್ತಿಲ್ಲ, ಇದು ಬಹಳ ಸದ್ದಿನದು, ಮನೆಗೆ ಯಾರೂ ಒಯ್ಯುವುದಿಲ್ಲ ಎಂದರು. ಅವರ ಮಾತನ್ನು ಭಾವ ಅದೇ ಕೀಬೋರ್ಡಿನಲ್ಲಿ ಕುಟ್ಟಿ ಪರದೆಯ ಮೇಲೆ ತೋರಿಸಿದರು. ಅಕ್ಕ ಓದಿಕೊಂಡು, ತನ್ನ ದನಿ ತನಗೆ ಕೇಳಿಸದ್ದರಿಂದ ಸ್ವಲ್ಪ ಗಟ್ಟಿಯಾಗಿಯೇ ಉತ್ತರ ಕೊಟ್ಟಳು:

“ಸದ್ದು ಮಾಡ್ಲಿ ಬಿಡಿ. ನಮ್ಮನೇಲಿ ಸದ್ದೇ ಇಲ್ದೆ ಬಹಳ ದಿನ ಆಯ್ತು.”

ಮಾಲೀಕರು ಅದನ್ನು ಪೆಟ್ಟಿಗೆಗೆ ಹಾಕಿದರು. ಭಾವ ಆ ಭಾರದ ಪೆಟ್ಟಿಗೆಯನ್ನು ತಾವೇ ಎತ್ತಿ ಕಂಕುಳಲ್ಲಿ ಇಟ್ಟುಕೊಂಡರು.

ಅಲ್ಲಿಂದ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿ ಅಕ್ಕ ಸೀರೆಗೆ ಫಾಲ್ಸ್ ಕೊಳ್ಳುವಾಗ ನಾನು ಮೊಬೈಲಿನಲ್ಲಿ ಬರೆದು ತೋರಿಸಿ ಕೇಳಿದೆ, ಅದ್ಯಾಕೆ ಅದೇ ಬೇಕಾಯಿತು ಎಂದು. ಅವಳು ಸಾವಕಾಶವಾಗಿ ಹೇಳಿದಳು. ಟಿವಿಯಲ್ಲಿ ಬರುವುದು ಬರೀ ಅಕ್ಷರ. ಯಾರು ಬರೆದರೂ ಅದೇ ‘ಕ’, ಅದೇ ‘ಗ’. ಮೊದಲಿನ ಹಳೆಯ ಕೀಬೋರ್ಡಿನಲ್ಲಿ ಭಾವ ಕುಟ್ಟಿದರೆ ಮೇಜು ಅದುರುತ್ತಿತ್ತಂತೆ. ಸಿಟ್ಟಿನಲ್ಲಿದ್ದರೆ ಒಂಥರಾ, ಖುಷಿಯಲ್ಲಿದ್ದರೆ ಒಂಥರಾ, ಅಕ್ಷರ ಹುಡುಕುತ್ತಿದ್ದರೆ ಇನ್ನೊಂಥರಾ. “ಕೈ ಇಟ್ರೆ ಇವರು ಮಾತಾಡ್ತಿದಾರೆ ಅಂತ ಗೊತ್ತಾಗೋದು ಕಣೋ. ಆ ಮೆತ್ತಂದು ಬಂದ್ಮೇಲೆ ಮನುಷ್ಯ ಎದ್ದು ಹೋದಂಗೇ ಆಯ್ತು.” ಇಷ್ಟು ಹೇಳಿ, ಆ ಫಾಲ್ಸ್ ಬಣ್ಣ ಸೀರೆಗೆ ಹೊಂದುವುದಿಲ್ಲವೆಂದು ಅಂಗಡಿಯವನ ಜೊತೆ ಚರ್ಚೆಗೆ ನಿಂತಳು.

ಅಂದಿನಿಂದ ಭದ್ರಾವತಿಯ ಆ ಮನೆಯಲ್ಲಿ ದೋಸೆಗೂ ಕಾಮೆಂಟರಿ, ಹಾಲಿನವನಿಗೂ ಕಾಮೆಂಟರಿ. ಪಕ್ಕದ ಮನೆಯಾಕೆ ಚಕ್ಕುಲಿಯ ಮಾತು ಬಿಟ್ಟು, ಈಗ ಅಣ್ಣ ಕಡಲೆಕಾಯಿ ಮಿಲ್ ಹಾಕಿದಾರೆ ಎನ್ನುತ್ತಾರಂತೆ. ಸದ್ದು ನಿಂತ ದಿನ ಮಾತ್ರ ಕಾಂಪೌಂಡಿನ ಮೇಲಿಂದ ಇಣುಕಿ, ಎಲ್ಲ ಸರಿ ಇದೆಯಾ ಎಂದು ವಿಚಾರಿಸುತ್ತಾರೆ.

ಮೊನ್ನೆ ಅಕ್ಕನಿಗೆ ಜ್ವರ ಎಂದು ತಿಳಿದು ಭದ್ರಾವತಿಗೆ ಹೋಗಿದ್ದೆ. ಮಧ್ಯಾಹ್ನದ ಹೊತ್ತು. ಗೇಟು ತೆಗೆಯುವಾಗಲೇ ಒಳಗಿನಿಂದ ಟಕಟಕ ಸದ್ದು ಕೇಳಿಸಿತು. ಜ್ವರದವಳ ಜೊತೆಗೂ ಜಗಳವೇ ಎಂದು ಬೇಸರಪಟ್ಟುಕೊಂಡೇ ಒಳಗೆ ಹೋದೆ.

ಅಕ್ಕ ಊಟದ ಮೇಜಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು. ಒಂದು ಕೈ ಕೆನ್ನೆಯಡಿಗೆ, ಇನ್ನೊಂದರ ಅಂಗೈ ಮೇಜಿನ ಮೇಲೆ. ಎದುರಿಗೆ ಭಾವ ಎರಡು ಬೆರಳಲ್ಲಿ ಒಂದೇ ಸಮ ಕುಟ್ಟುತ್ತಿದ್ದರು. ಕಣ್ಣು ಕೀಬೋರ್ಡಿನ ಮೇಲೂ ಇರಲಿಲ್ಲ, ಟಿವಿಯ ಮೇಲೂ ಇರಲಿಲ್ಲ. ನಾನು ಟಿವಿ ನೋಡಿದೆ. ಅಲ್ಲಿ ಒಂದು ಮಾತೂ ಇರಲಿಲ್ಲ. ಗಗಗ ಕಲಮ ರರದಡ ಪಪನಟ ಎಂದು ಅರ್ಥವಿಲ್ಲದ ಅಕ್ಷರಗಳು ಸಾಲು ಸಾಲಾಗಿ ಮೇಲೇರಿ ಹೋಗುತ್ತಿದ್ದವು.

ಏನಿದು ಭಾವ ಎಂದೆ. ಅಕ್ಕನಿಗೆ ಕೇಳಿಸುವುದಿಲ್ಲವೆಂದು ಗೊತ್ತಿದ್ದೂ ಅವರು ಪಿಸುಗುಟ್ಟಿದರು:

“ಸುಮ್ನಿರು ಮಾರಾಯ. ಎರಡು ದಿನದಿಂದ ಕಣ್ಣು ಮುಚ್ಚಿಲ್ಲ. ನಿಲ್ಸಿದ್ರೆ ಎದ್ದುಬಿಡ್ತಾಳೆ.”